ಹಾಡಿನ ಕೊನೆಯ ಹೆಸರು

"ಇದೊಂದು ಬ್ಯಾಡ್ರಿ ಅಕ್ಕೋರ" ಎಂದು ಶ್ರೀಶೈಲಪ್ಪ ಮೂರು ಸಲ ಹೇಳಿದ. ಟ್ರಂಕಿನ ಮುಚ್ಚಳ ತೆಗೆದಾಗ ಒಮ್ಮೆ, ಸಂಪದಾ ಆ ತಟ್ಟೆಯನ್ನು ಕೈಗೆತ್ತಿಕೊಂಡಾಗ ಒಮ್ಮೆ, ಅವಳು ಅದನ್ನು ಚೀಲಕ್ಕೆ ಇಳಿಸಿದಾಗ ಮತ್ತೊಮ್ಮೆ.

ಸೆಪ್ಟೆಂಬರ್ ತಿಂಗಳ ಎರಡನೇ ಶನಿವಾರ. ಹೂವಿನ ಹಿಪ್ಪರಗಿಯಲ್ಲಿ ಮುಂಜಾನೆ ಹನ್ನೊಂದೂವರೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಹೊರಗಿನ ಎರೆ ಹೊಲಗಳಿಂದ ಬೆವರಿನಂಥ ಹಸಿ ವಾಸನೆ ಬರುತ್ತಿತ್ತು. ಪಡಸಾಲೆಯೊಳಗೆ ಜೋಳದ ಚೀಲ, ಇಲಿ, ಹಳೆಯ ಕಬ್ಬಿಣದ ವಾಸನೆ. ಟ್ರಂಕಿನಲ್ಲಿದ್ದದ್ದು ಹನ್ನೊಂದು ಗ್ರಾಮಫೋನ್ ತಟ್ಟೆಗಳು. ಹತ್ತನ್ನು ಶ್ರೀಶೈಲಪ್ಪ ತಾನೇ ಒರೆಸಿ ಕೊಟ್ಟಿದ್ದ. ಹನ್ನೊಂದನೆಯದರ ನಡುವಿನ ಹೆಸರಿನ ಕಾಗದವನ್ನು ಯಾರೋ ಉಜ್ಜಿ ತೆಗೆದಿದ್ದರು. ನಡುತೂತಿನಲ್ಲಿ ಕಪ್ಪು ದಾರ ಪೋಣಿಸಿ, ಅಂಚಿನವರೆಗೆ ಎಳೆದು, ಏಳು ಗಂಟು ಹಾಕಿ, ಗಂಟುಗಳ ಮೇಲೆ ಅರಗು ಬಿಟ್ಟಿದ್ದರು.

"ದಾರಾ ಯಾಕ್ರಿ ಯಜಮಾನ್ರ?"

"ಯಾರೂ ಹಚ್ಚಬಾರದಂತ್ರಿ. ತೂತಿನ್ಯಾಗ ದಾರಾ ಇದ್ರ ಮಷೀನ್ ಮ್ಯಾಲ ಕುಂದ್ರೂದಿಲ್ಲಲ್ರಿ." ಎಪ್ಪತ್ತರ ಆಸುಪಾಸಿನ ಮುದುಕ ಧ್ವನಿ ತಗ್ಗಿಸಿದ. "ನಮ್ಮ ಮುತ್ಯಾ ನಾಟಕ ಕಂಪನಿಯೊಳಗ ಪೇಟಿ ಬಾರಸ್ತಿದ್ದ. ಅಬಿದಾಬಾಯಿ ಅಂತ ಹಿರೇ ನಟಿ ಮುಂಬೈಗೆ ಹೋಗಿ ಈ ಹಾಡಾ ಕೊಟ್ಟು ಬಂದಿದ್ಲು. ಅದs ಕಂಪನಿಯಾಗಿನ ಇನ್ನೊಬ್ಬಾಕಿ ಹೊಟ್ಟಿಕಿಚ್ಚಿಗೆ ಈ ಪ್ಲೇಟಿಗೆ ಮಾಟಾ ಮಾಡಿಸಿದ್ಲು. ಅಬಿದಾಬಾಯಿ ದನಿ ಪ್ಲೇಟಿನ್ಯಾಗ ಹೋಗಿ ಕುಂತ್ತು. ಮುಂದ ಸಾಯೂತನಾ ಆಕಿ ಒಂದ ಮಾತಾಡಲಿಲ್ಲ."

ಸಂಪದಾ ನಕ್ಕಳು. "ನಾ ನಿಂಬಿಹಣ್ಣಿನ ಊರು ಇಂಡಿಯೊಳಗ ಇರ್ತೀನ್ರಿ. ನಿಂಬಿಹಣ್ಣಿಗೂ ಮಾಟಕ್ಕೂ ಅಂಜಿದ್ರ ನಮ್ಮ ಮಾರ್ಕೆಟ್ಟ ಬಂದ್ ಮಾಡಬೇಕಾಗ್ತದ."

ಅವಳು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಚಾಕುವಿಗೆ ಮೀಥೈಲ್ ಆರೆಂಜ್ ಸವರಿ ನಿಂಬೆಹಣ್ಣು ಕೊಯ್ದು, 'ರಕ್ತ' ಹರಿಸಿ ತೋರಿಸುವುದು ಪ್ರತಿವರ್ಷ ಮೊದಲ ತರಗತಿಯ ಪಾಠ. ಮಾಟದ ಮೇಲೆ ಅವಳಿಗೆ ಸಿಟ್ಟೂ ಇರಲಿಲ್ಲ, ಭಯವೂ ಇರಲಿಲ್ಲ.

ಶ್ರೀಶೈಲಪ್ಪನ ಹೆಂಡತಿ ರುಕ್ಮವ್ವ ಚಹಾ ತಂದಿಟ್ಟಳು. ಆಕೆ ಮೂಗಿ ಎಂದು ಅವನು ಮೊದಲೇ ಹೇಳಿದ್ದ. ಸಂಪದಾ ಎದ್ದಾಗ ರುಕ್ಮವ್ವ ಚೀಲದ ಹಿಡಿಕೆಯನ್ನು ಬಿಗಿಯಾಗಿ ಹಿಡಿದಳು. ಮೂರು ನಾಲ್ಕು ಉಸಿರು ಹಾಗೇ ಹಿಡಿದಿದ್ದಳು. ಗಂಡನ ಕಡೆಗೆ ನೋಡಿದಳು. ಆಮೇಲೆ ಬಿಟ್ಟಳು.

*

ಒಂದೂವರೆ ವರ್ಷದ ಹಿಂದೆ ಸಂಪದಾಗೆ ಹಾಡೆಂದರೆ ಪಕ್ಕದ ಮನೆಯ ಗದ್ದಲ. ಧಾರವಾಡದಿಂದ ವರ್ಗವಾಗಿ ಇಂಡಿಗೆ ಬಂದು ಆರು ತಿಂಗಳಾಗಿತ್ತು. ಜೊತೆಗೆ ತಾಯಿ ರಂಗೂಬಾಯಿ. ಸಾಲಿ ಮಾಸ್ತರಿಣಿಯಾಗಿ ನಿವೃತ್ತಳಾದವಳು, ಕಾಚಬಿಂದುವಿನಿಂದ ಎರಡೂ ಕಣ್ಣು ಹೋಗಿ ಎಂಟು ವರ್ಷ. ಮನೆಯಲ್ಲಿ ಇಬ್ಬರೇ. ಕಾಲೇಜಿನಲ್ಲಿ ಭೌತಶಾಸ್ತ್ರದ ಶಾನವಾಜ, ತನ್ನ ಕಾಕಾನ ಗಡಿಯಾರದ ಅಂಗಡಿಯಲ್ಲಿ ಬಿದ್ದಿದ್ದ ಕೈಚಾವಿಯ ಗ್ರಾಮಫೋನನ್ನು ರಿಪೇರಿ ಮಾಡಿ ಒಂದು ಭಾನುವಾರ ಹೊತ್ತು ತಂದ. "ನಿಮ್ಮ ಅಮ್ಮಾರಿಗೆ ಟೈಂಪಾಸ್ ಆಗ್ತೈತ್ರಿ ಮೇಡಂ" ಎಂದ.

ತಾಯಿಗೆಂದು ತಂದದ್ದು ಮಗಳಿಗೆ ಹಿಡಿಯಿತು. ಕಡಲೆ ಹುರಿದಂಥ ಸದ್ದಿನ ಹಿಂದಿನಿಂದ ನೂರು ವರ್ಷದ ಹಿಂದಿನ ಒಂದು ಕಂಠ ಏರಿ ಬಂದಾಗ ಸಂಪದಾ ಹಿಡಿದಿದ್ದ ತಾಟು ಕೆಳಗಿಟ್ಟಳು, ಊಟ ತಣ್ಣಗಾಯಿತು. ಕಂಪನಿ ನಾಟಕದ ಪದಗಳು. ಮೂರು ನಿಮಿಷ, ಅಷ್ಟರಲ್ಲಿ ಪೂರಾ ಒಂದು ಜನ್ಮ. ಹಾಡು ಮುಗಿದ ಕೂಡಲೇ ಹಾಡಿದಾಕೆ ತನ್ನ ಹೆಸರನ್ನು ತಾನೇ ಹೇಳಿದ್ದು ಕೇಳಿ ಅವಳಿಗೆ ಮೈ ಜುಂ ಎಂದಿತ್ತು. ತೀರ ಹಳೆಯ ತಟ್ಟೆಗಳಲ್ಲಿ ಅದು ರೂಢಿ: ಕಾರಖಾನೆಯಲ್ಲಿ ಚೀಟಿ ಅಂಟಿಸುವವನಿಗೆ ಯಾರ ಹಾಡೆಂದು ತಿಳಿಯಬೇಕಲ್ಲ.

ಆಮೇಲೆ ಬಿಡುವಿನ ದಿನವೆಲ್ಲ ಅವಳು ಬಸ್ಸಿನಲ್ಲಿ. ಅಗರಖೇಡದ ಒಂದು ಅಟ್ಟದಲ್ಲಿ ಒಂಬತ್ತು ತಟ್ಟೆ, ಮುದ್ದೇಬಿಹಾಳದ ಹಳೆಯ ಬಟ್ಟೆ ಅಂಗಡಿಯಲ್ಲಿ ಇಪ್ಪತ್ತೆರಡು, ನಿಡಗುಂದಿಯಲ್ಲಿ ಕೋಳಿಗೂಡಿನ ಮುಚ್ಚಳವಾಗಿದ್ದ ಒಂದು. ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಸಂಖ್ಯೆ, ಊರು, ದಿನಾಂಕ. ಮೂವತ್ತೆಂಟನೇ ವಯಸ್ಸಿನಲ್ಲಿ ಅವಳು ಹಾಡತೊಡಗಿದಳು. ತಟ್ಟೆಯ ಜೊತೆಗೆ, ಒಗೆಯುವಾಗ, ತಾಯಿಯ ತಲೆ ಬಾಚುವಾಗ.

"ನಿನ್ನ ದನಿ ನಡದಾಡಿದಾಂಗ ನನಗ ಮನಿ ಕಾಣಸ್ತದ ನೋಡು ಸಂಪೀ" ಎನ್ನುತ್ತಿದ್ದಳು ರಂಗೂಬಾಯಿ. "ನೀ ಅಡಿಗಿಮನಿಯಾಗ ಹಾಡಿದ್ರ ಅಡಿಗಿಮನಿ ಕಾಣಸ್ತದ. ಹಿತ್ತಲದಾಗ ಹಾಡಿದ್ರ ಹಿತ್ತಲ. ಸುಮ್ಮನಾದ್ರ ಎಲ್ಲಾ ಹೋತು, ಮತ್ತ ಕತ್ತಲಿ."

*

ಹಿಪ್ಪರಗಿಯಿಂದ ಬಂದ ಮರುದಿನ, ಭಾನುವಾರ, ಮಧ್ಯಾಹ್ನ ಎರಡು ಹತ್ತು. ಕರೆಂಟು ಹೋಗಿತ್ತು, ಗ್ರಾಮಫೋನಿಗೆ ಅದರ ಹಂಗಿರಲಿಲ್ಲ. ಸಂಪದಾ ಉಗುರು ಕತ್ತರಿಯಿಂದ ದಾರ ಕತ್ತರಿಸಿದಳು. ಒಂದೊಂದು ಗಂಟು ಕಡಿದಾಗಲೂ ಕೂದಲು ಸುಟ್ಟ ವಾಸನೆ ಎದ್ದಿತು. ದಾರವನ್ನು ಬೆಳಕಿಗೆ ಹಿಡಿದು ನೋಡಿದಳು. ನೂಲಿನ ಜೊತೆ ಹೊಸೆದದ್ದು ನಿಜವಾಗಿಯೂ ಕೂದಲೇ, ಉದ್ದ ಕೂದಲು. ನೋಟ್‌ಬುಕ್ಕಿನಲ್ಲಿ 'ತಟ್ಟೆ ಸಂಖ್ಯೆ 74; ದಾರದಲ್ಲಿ ಕೂದಲು' ಎಂದು ಬರೆದಳು. ಹೊಸ ಮುಳ್ಳು ಹಾಕಿದಳು, ಚಾವಿ ತಿರುಗಿಸಿದಳು.

ಪೇಟಿ, ತಬಲಾ. ಆಮೇಲೆ ದನಿ.

ಅದು ಕಂಪನಿಯ ನಟಿಯ ದನಿಯಾಗಿರಲಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತ ಹಳ್ಳಿಯ ಹೆಣ್ಣುಮಗಳೊಬ್ಬಳು ಹೆದರಿ ಹೆದರಿ ಹಾಡಿದಂತಿತ್ತು. ತಾಳ ಮುಂದೆ ಓಡುತ್ತಿತ್ತು, ದನಿ ಅದರ ಹಿಂದೆ ಎಡವುತ್ತ ಬರುತ್ತಿತ್ತು.

ಮಂಚದ ಮೇಲಿದ್ದ ರಂಗೂಬಾಯಿ ಮುಖ ಕಿವುಚಿದಳು. "ಯಾರs ಇಕಿ? ಹಾಡೂ ಅಲ್ಲ, ಅಳೂದೂ ಅಲ್ಲ."

ಕೊನೆಯ ಸಾಲು ಬಂತು. ಸಾಲಿನ ನಡುವೆ, ಒಂದು ಶಬ್ದದ ನಡುವೆಯೇ, ಆ ದನಿ ಕಡಿಯಿತು. ಅಲ್ಲಿಂದ ಬೇರೊಂದು ದನಿ ಎತ್ತಿಕೊಂಡಿತು. ಮೇಲಿನ ಸ್ವರದಲ್ಲಿ ತುಸು ಗೊಗ್ಗರಾಗುವ, ಇಳಿಯುವಾಗ ಮೃದುವಾಗುವ ದನಿ. ಫೋನಿನಲ್ಲಿ ತನ್ನದೇ ರೆಕಾರ್ಡಿಂಗ್ ಕೇಳಿದಾಗ ಆಗುವ ಸಣ್ಣ ಮುಜುಗರ ಸಂಪದಾಗೆ ಆಯಿತು. ಅದು ಯಾಕೆಂದು ಹೊಳೆಯುವಷ್ಟರಲ್ಲಿ ಹಾಡು ಮುಗಿದಿತ್ತು. ಕಡಲೆ ಹುರಿದಂಥ ಸದ್ದು. ಅದರೊಳಗಿಂದ ಸ್ಪಷ್ಟವಾಗಿ:

"ಸಂಪದಾ ಕುಲಕರ್ಣಿ, ಇಂಡಿ."

ರಂಗೂಬಾಯಿ ಚಪ್ಪಾಳೆ ತಟ್ಟಿ ನಕ್ಕಳು. "ಭಲೆ! ನಡುವs ಬಾಯಿ ಹಾಕಿ ಹಾಡಿದೆಲ್ಲಾ, ಹುಡುಗಿ! ಹೆಸರು ಬ್ಯಾರೆ ಹೇಳ್ತಾಳ, ಹಿರೇ ನಟಿ!"

ನಾನಲ್ಲ ಎನ್ನಲು ಸಂಪದಾ ಬಾಯಿ ತೆರೆದಳು. ಉಸಿರು ಬಂತು. ದನಿ ಬರಲಿಲ್ಲ. ಗಂಟಲು ಕೆರೆಯಲು ನೋಡಿದಳು. ಕೆರೆತದ ಸದ್ದೂ ಇಲ್ಲ. ಕಿರುಚಲು ನೋಡಿದಳು. ಖಾಲಿ ಕೊಳವೆಯಲ್ಲಿ ಗಾಳಿ ಆಡಿದಂತೆ.

"ಸಂಪೀ?" ತಾಯಿಯ ನಗು ನಿಂತಿತು. "ಸಂಪೀ, ಎಲ್ಲಿದ್ದಿ?"

ಎರಡು ಹೆಜ್ಜೆ ದೂರದಲ್ಲಿ ಸಂಪದಾ ನಿಂತಿದ್ದಳು.

"ಯಾರದು? ಯಾರೋ ಉಸುರಾಡ್ಸಲಿಕತ್ತಾರ. ಯಾರ್ರಿ ಅದು ಒಳಗ?" ರಂಗೂಬಾಯಿ ಗೋಡೆಗೆ ಒತ್ತಿಕೊಂಡಳು. ಕೋಲಿಗಾಗಿ ತಡಕಿದಳು. ಸಂಪದಾ ಮುಂದೆ ಬಂದು ಕೈ ಹಿಡಿಯಲು ಹೋದಾಗ ಆ ಕೋಲು ಅವಳ ಮೊಣಕೈಗೆ ಬಿತ್ತು. "ಸಂಪೀ! ಬಾರs, ಯಾರೋ ಬಂದಾರ!"

ಮಗಳನ್ನೇ ಹೊಡೆಯುತ್ತ ಆಕೆ ಮಗಳನ್ನು ಕರೆಯುತ್ತಿದ್ದಳು. ಸೀಮೆಸುಣ್ಣದಿಂದ ಬಿರುಕು ಬಿಟ್ಟ ಬೆರಳುಗಳನ್ನು ತಾಯಿ ಮುಟ್ಟಿ ಗುರುತಿಸುವವರೆಗೆ ಐದು ನಿಮಿಷ ಬೇಕಾಯಿತು. ಆಮೇಲೆ ಸಂಪದಾ ಆಕೆಯ ಅಂಗೈ ಬಿಡಿಸಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆದಳು: 'ದನಿ ಹೋಗ್ಯದ.'

*

ಸೋಮವಾರ ವಿಜಯಪುರದ ಗಂಟಲಿನ ಡಾಕ್ಟರು ಕೊಳವೆ ಇಳಿಸಿ ನೋಡಿದರು. ಧ್ವನಿತಂತುಗಳು ಸರಿಯಾಗಿವೆ, ನರಕ್ಕೆ ತೊಂದರೆಯಿಲ್ಲ, ಮನಸ್ಸಿಗೆ ಏನಾದರೂ ಆಘಾತವಾಗಿದೆಯೆ ಎಂದು ಕೇಳಿದರು. ಗುರುವಾರ ಶಾನವಾಜ ಬಂದು ತಟ್ಟೆ ಕೇಳಿದ. ಈಗ ಅದರಲ್ಲಿ ಮೊದಲಿನಿಂದ ಕೊನೆಯವರೆಗೆ ಒಂದೇ ದನಿ. ಅರ್ಧಕ್ಕೇ ಅವನು ಮುಳ್ಳು ಎತ್ತಿದ.

"ಮೇಡಂ, ನಾ ಫಿಸಿಕ್ಸ್ ಮಾಸ್ತರ. ಅರಗಿನ ಪ್ಲೇಟಿನ ಮ್ಯಾಲ ಒಮ್ಮೆ ಕೊರದ ಗೆರಿ ಬದಲಾಗೂದಿಲ್ಲ ಅಂತ ಹುಡುಗೂರಿಗೆ ಹೇಳ್ತೇನಿ. ಇದು ನಿಮ್ಮ ದನಿ ಐತ್ರಿ."

ಭಾನುವಾರ ಅವನ ಕಾರಿನಲ್ಲಿ ಮೂವರೂ ಹಿಪ್ಪರಗಿಗೆ ಹೊರಟರು. ರಂಗೂಬಾಯಿ ಮನೆಯಲ್ಲಿ ಉಳಿಯಲು ಒಪ್ಪಲಿಲ್ಲ. "ಆ ಮನಿಯಾಗ ಒಬ್ಬಾಕಿನs ಇರಲಾರೆ. ಇದ್ದರೂ ಇಲ್ಲದಾಂಗ ಓಡಾಡ್ತದ ನನ್ನ ಮಗಳು" ಎಂದಳು.

ಶ್ರೀಶೈಲಪ್ಪನ ಮನೆಯ ಬಾಗಿಲು ತೆರೆದದ್ದು ರುಕ್ಮವ್ವ. ತೆರೆದವಳೇ ಸಂಪದಾಳ ಕಾಲಿಗೆ ಬಿದ್ದಳು.

"ತಪ್ಪಾತ್ರಿ ಅಕ್ಕೋರ, ತಪ್ಪಾತ್ರೀ! ಹೋದ ಐತ್ವಾರ ಮಧ್ಯಾಹ್ನ ರೊಟ್ಟಿ ಬಡ್ಯಾಕತ್ತಿದ್ದೆ, ಬಾಯಾಗಿಂದ 'ಯವ್ವಾ' ಅಂತ ಬಂತು. ಮೂವತ್ತೊಂದ ವರ್ಷದ ಮ್ಯಾಲ್ರಿ! ಆ ಪ್ಲೇಟ ನಾನs ಹಚ್ಚಿದ್ದೆ, ಬ್ಯಾಡಂದ್ರೂ ಕೇಳದs. ಮಗಳ ಮದಿವಿಯಾಗ ಒಂದ ಸೋಬಾನಾ ಹಾಡಲಿಲ್ಲ, ಹಡದ ಮಗ ತೀರಿದಾಗ ಬಾಯಿ ಬಿಟ್ಟು ಅಳಲಿಲ್ಲ. ಈಗ ಮಾತು ನಿಲ್ಲವಲ್ಲವು, ನಿದ್ದ್ಯಾಗೂ ಮಾತಾಡಾಕತ್ತೇನಿ..."

ಆ ದನಿಯನ್ನು ಮೂವರಲ್ಲಿ ಇಬ್ಬರು ತಟ್ಟೆಯಲ್ಲಿ ಮೊದಲೇ ಕೇಳಿದ್ದರು. ರಂಗೂಬಾಯಿಯ ಹಿಡಿತ ಮಗಳ ಕೈಯ ಮೇಲೆ ಬಿಗಿಯಾಯಿತು.

ಶ್ರೀಶೈಲಪ್ಪ ಕಂಬಕ್ಕೆ ಆತು ನಿಂತಿದ್ದ. ಶಾನವಾಜ ಅವನ ಮೇಲೆ ಹರಿಹಾಯ್ದ. "ಗೊತ್ತಿದ್ದೂ ಕೊಟ್ರೇನ್ರಿ?"

"ಮೂರು ಸಲ ಬ್ಯಾಡ ಅಂದೇನ್ರಿ."

"ಬ್ಯಾಡ ಅಂದವರು ಕಸಗೋಬೇಕಿತ್ತು!"

"ಬ್ಯಾಡ ಅನ್ನಬೇಕಾಗತೈತ್ರಿ ಸರ." ಮುದುಕ ನೆಲ ನೋಡುತ್ತ ಹೇಳಿದ. "ಹೇಳದs ಕೊಟ್ರ ಅದು ಹತ್ತೂದಿಲ್ಲ. ಮೂರು ಸಲ ಬ್ಯಾಡ ಅನಿಸಿಕೊಂಡು, ತಿಳಿದೂ ತಿಳಿದೂ ಹಚ್ಚಿದವರಿಗೆ ಹತ್ತತೈತಿ. ಆವಾಗ ಒಳಗಿನ ದನಿ ಬಿಡುಗಡಿ ಆಗಿ ಅವರಿಗೆ ತಿರುಗಿ ಬರತೈತಿ, ಹಚ್ಚಿದವರದು ಒಳಗ ಹೋಗತೈತಿ. ಮೂವತ್ತೊಂದ ವರ್ಷದಾಗ ನಾಕು ಮಂದಿಗೆ ಬ್ಯಾಡ ಅಂದೆ. ನಾಕೂ ಮಂದಿ ಅಂಜಿ ಇಟ್ಟು ಹೋದ್ರು. ಅಕ್ಕೋರು ನಕ್ಕರು." ಅವನು ಅಳುತ್ತಿದ್ದ. "ಬಾಯಿಲೆ ಬ್ಯಾಡ ಅಂದೆ. ಮನಸಿನ್ಯಾಗ, ಒಯ್ಲಿ ಶಿವನs ಅಂತಿತ್ತು."

"ಒಡದು ಹಾಕಿದ್ರ?"

"ಮಾಟಾ ಅಲ್ಲಿಗೇ ತೀರತೈತಿ. ಒಳಗ ಯಾರ ದನಿ ಇರತೈತಿ, ಅದೂ ತೀರತೈತಿ."

ರಂಗೂಬಾಯಿ ಕೇಳಿದಳು: "ಬ್ಯಾಡ ಅನ್ನೋರು ಯಾರಾದ್ರೂ ಆಗ್ತದೇನ್ರಿ?"

"ಪ್ಲೇಟು ಯಾರ ಕಡೆ ಐತಿ ಅವರು ಅನ್ನಬೇಕ್ರಿ ಬಾಯೇರ."

ಮರಳುವಾಗ ಕಾರಿನಲ್ಲಿ, ಸಿಂದಗಿ ದಾಟಿದ ಮೇಲೆ ರಂಗೂಬಾಯಿ ಮಗಳ ಕಿವಿಗೆ ಬಾಗಿದಳು. "ನಾ ಹಚ್ಚಲೇನs ಅದನ್ನ?"

ಸಂಪದಾ ಬೆಚ್ಚಿ ತಾಯಿಯ ಅಂಗೈ ಎಳೆದುಕೊಂಡಳು. 'ಬ್ಯಾಡ' ಎಂದು ಬರೆದಳು. ಸಾಲದೆನ್ನಿಸಿ ಮತ್ತೆ ಬರೆದಳು. ಉಗುರು ಊರುವಷ್ಟು ಒತ್ತಿ ಮತ್ತೊಮ್ಮೆ ಬರೆದಳು.

ರಂಗೂಬಾಯಿ ಅಂಗೈ ಮುಚ್ಚಿಕೊಂಡಳು. ಸಂಪದಾಗೆ ತಾನು ಏನು ಮಾಡಿದೆನೆಂದು ಆಗ ಹೊಳೆಯಲಿಲ್ಲ.

*

ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಸೊಲ್ಲಾಪುರದಲ್ಲಿ ಶ್ರೀವಲ್ಲಭ ಎಂಬ ಸಂಗ್ರಾಹಕನಿದ್ದ; ಫೋನಿನ ಗುಂಪಿನಲ್ಲಿ ಪರಿಚಯ, ಅಪರೂಪದ ತಟ್ಟೆ ಎಂದರೆ ಪ್ರಾಣ ಬಿಡುವವನು. ಮಂಗಳವಾರ ಸಂಪದಾ ಅವನಿಗೆ ತಟ್ಟೆಯ ಫೋಟೊ ಕಳಿಸಿದಳು. ಕೆಳಗೆ ಬರೆದಳು: ಇದನ್ನು ಒಯ್ಯಬೇಡಿ. ಇದರ ಮೇಲೆ ಮಾಟವಿದೆ, ಹಚ್ಚಿದವರ ದನಿ ಹೋಗುತ್ತದೆ. ಅವನು ನಗುವ ಮುಖ ಕಳಿಸಿದ. ಬೇಡ ಎಂದು ಇನ್ನೊಮ್ಮೆ ಬರೆದಳು. ಭಾನುವಾರ ಬರುತ್ತೇನೆ, ಬೇರೆ ಯಾರಿಗೂ ಕೊಡಬೇಡಿ ಎಂದ. ಬೇಡ ಎಂದು ಮೂರನೇ ಸಲ ಬರೆದಳು. ಕಳಿಸುವ ಮೊದಲು ಬೆರಳು ನಿಂತಿತು. ಶ್ರೀವಲ್ಲಭನಿಗೆ ಒಬ್ಬಳು ಚಿಕ್ಕ ಮಗಳಿದ್ದಳು. ಅವಳು ಹಾಡುವ ವಿಡಿಯೊವನ್ನು ಅವನು ಗುಂಪಿಗೆ ಕಳಿಸುತ್ತಿದ್ದ. ಸಂಪದಾ ಕಣ್ಣು ಮುಚ್ಚಿ ಕಳಿಸಿಬಿಟ್ಟಳು.

ಆ ರಾತ್ರಿ ಅವಳು ಊಟ ಬಿಟ್ಟಳು. ತಾಯಿ ಕೈ ಹಿಡಿದು ಎರಡು ತಾಸು ಕೇಳಿದ ಮೇಲೆ ಅಂಗೈಯಲ್ಲಿ ಎಲ್ಲವನ್ನೂ ಬರೆದಳು. ರಂಗೂಬಾಯಿ ಬೈಯಲಿಲ್ಲ. "ಐತ್ವಾರ ಬರ್ತಾನೇನು?" ಎಂದಷ್ಟೇ ಕೇಳಿದಳು.

ಶನಿವಾರ ಸಂಪದಾ ವೈದ್ಯಕೀಯ ರಜೆಯ ಅರ್ಜಿ ಕೊಡಲು ಕಾಲೇಜಿಗೆ ಹೋದಳು. ತಟ್ಟೆಯನ್ನು ಉಳಿದ ಎಪ್ಪತ್ತಮೂರರ ನಡುವೆ ಸೇರಿಸಿಟ್ಟಿದ್ದಳು. ಕುರುಡಿಗೆ ಎಲ್ಲವೂ ಒಂದೇ ಎಂದುಕೊಂಡಿದ್ದಳು. ನಡುವೆ ಕಾಗದವಿಲ್ಲದ ತಟ್ಟೆ ಅದೊಂದೇ ಎಂಬುದು ಹೆಬ್ಬೆರಳಿಗೆ ತಿಳಿಯುತ್ತದೆ ಎಂದು ಅವಳಿಗೆ ನೆನಪಾಗಲಿಲ್ಲ.

ಹನ್ನೆರಡು ನಲವತ್ತಕ್ಕೆ ಓಣಿಯ ತಿರುವಿನಲ್ಲಿ ತನ್ನದೇ ದನಿ ಕೇಳಿಸಿತು.

ಮೊದಲ ನುಡಿ ಮುಗಿಯುತ್ತಿತ್ತು.

ಅವಳು ಓಡಿದಳು. ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದಳು. ಕಿಟಕಿಗೆ ಓಡಿದಳು. ಸರಳುಗಳಾಚೆ ತಾಯಿ ಕುರ್ಚಿಯಲ್ಲಿ ಕುಳಿತಿದ್ದಳು. ಒಂದು ಕೈ ಗ್ರಾಮಫೋನಿನ ಪೆಟ್ಟಿಗೆಯ ಮೇಲೆ. ತಲೆ ಬಾಚಿಕೊಂಡಿದ್ದಳು. ಒಗೆದ ಸೀರೆ ಉಟ್ಟಿದ್ದಳು.

ಎರಡನೇ ನುಡಿ.

ಸಂಪದಾ ಬಾಯಿ ತೆರೆದಳು. ಗಾಳಿ. ಸರಳು ಬಡಿದಳು. ತಾಯಿ ತಲೆ ಎತ್ತಲಿಲ್ಲ. ಒಳಗೆ ಮಗಳು ಹಾಡುತ್ತಿದ್ದಳು, ತಾಯಿ ಕೇಳುತ್ತಿದ್ದಳು. ಹೊರಗಿನವಳು ಯಾರೂ ಅಲ್ಲ.

ಹಿತ್ತಲು. ಕಂಪೌಂಡಿನ ಗೋಡೆ. ಗಾಜಿನ ಚೂರು ಅಂಗೈ ಸೀಳಿತು. ಹತ್ತಿದಳು. ಹಾರಿದಳು. ಹಿಂಬಾಗಿಲ ಚಿಲಕ ಸಡಿಲು. ಭುಜ ಕೊಟ್ಟಳು. ಬಿಡಲಿಲ್ಲ. ಕೊನೆಯ ನುಡಿ. ಮತ್ತೆ ಕೊಟ್ಟಳು. ಮೂಳೆ ಕಟ್ಟೆಂದಿತು. ಕೂದಲು ಸುಟ್ಟ ವಾಸನೆ. ಮತ್ತೆ. ಚಿಲಕ ಕಿತ್ತಿತು. ಅಡಿಗೆಮನೆ. ನಡುಮನೆ. ಕೊನೆಯ ಸಾಲು. ಐದು ಹೆಜ್ಜೆ. ಸಾಲಿನ ನಡುವೆ ದನಿ ಕಡಿಯಿತು. ಅಲ್ಲಿಂದ ಇನ್ನೊಂದು ದನಿ ಎತ್ತಿಕೊಂಡಿತು. ಮುದಿ ದನಿ. ನಡುಗಲಿಲ್ಲ. ತಾಳ ತಪ್ಪಲಿಲ್ಲ.

"ರಂಗೂಬಾಯಿ ಕುಲಕರ್ಣಿ, ಇಂಡಿ."

"ಅವ್ವಾ!"

ಅದು ಸಂಪದಾಳ ಗಂಟಲಿನಿಂದ ಬಂದಿತ್ತು. ಹದಿಮೂರು ದಿನದ ಮೇಲೆ. ರಂಗೂಬಾಯಿ ಥಟ್ಟನೆ ಆ ಕಡೆ ಮುಖ ತಿರುಗಿಸಿದಳು. ಕಾಣದ ಕಣ್ಣುಗಳ ಸುತ್ತ ಸುಕ್ಕುಗಳೆಲ್ಲ ಅರಳಿದವು. ಏನೋ ಹೇಳಲು ತುಟಿ ಆಡಿಸಿದಳು, ಸದ್ದಿರಲಿಲ್ಲ. ತನಗೇ ನಗು ಬಂದಂತೆ ತಲೆ ಅಲ್ಲಾಡಿಸಿದಳು. ಆಮೇಲೆ ಮುಳ್ಳಿನ ತೋಳನ್ನು ಎತ್ತಿ ಬದಿಗಿಟ್ಟಳು. ಎರಡೂ ಕೈಯಿಂದ ಅಂಚು ಹಿಡಿದು ತಟ್ಟೆಯನ್ನು ಬಿಡಿಸಿದಳು.

"ಬ್ಯಾಡವ್ವಾ, ಇಡು! ಒಡೀಬ್ಯಾಡ. ನಿನ್ನ ದನಿ ಅದರಾಗ ಅದ. ನಾ ಬ್ಯಾರೆ ದಾರಿ ಹುಡುಕ್ತೀನಿ. ಆ ಮನಷ್ಯಾ ನಾಳೆ ಬರ್ತಾನ, ನಾನು..."

ಆಡಿದ ಮಾತು ಕಿವಿಗೆ ಬಿದ್ದು ಸಂಪದಾ ನಿಂತಳು.

ರಂಗೂಬಾಯಿ ತಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ, ಶಹಾಬಾದ ಕಲ್ಲಿನ ನೆಲಕ್ಕೆ ಬಿಟ್ಟಳು.

ಅರಗಿನ ತಟ್ಟೆ ಗಾಜಿನಂತೆ ಒಡೆಯುತ್ತದೆ. ಚೂರುಗಳು ಮಂಚದ ಕೆಳಗೆ, ಬಾಗಿಲವರೆಗೆ ಹಾರಿದವು. ಸುಟ್ಟ ಕೂದಲಿನ ವಾಸನೆ ಒಮ್ಮೆ ಗಪ್ಪೆಂದು ಎದ್ದು, ಹೋಯಿತು. ಓಣಿಯಲ್ಲಿ ನಿಂಬೆಹಣ್ಣಿನ ಟೆಂಪೊ ಹಾರ್ನ್ ಹೊಡೆಯಿತು.

ಸಂಪದಾ ತಾಯಿಯನ್ನು ಮಂಚಕ್ಕೆ ಕರೆದೊಯ್ದು ಕೂಡಿಸಿದಳು. ಅಂಗೈಯ ರಕ್ತ ಇಬ್ಬರ ಸೀರೆಗೂ ಹತ್ತಿತ್ತು. ರಂಗೂಬಾಯಿ ಕಿವಿ ಅವಳತ್ತ ಮಾಡಿ ಕಾಯುತ್ತ ಕುಳಿತಳು. ಸಂಪದಾ ಮಾತಾಡಿದಳು. ಅಡಿಗೆಮನೆಯಿಂದ ಮಾತಾಡಿದಳು, ಹಿತ್ತಲಿನಿಂದ ಮಾತಾಡಿದಳು, ಚೂರು ಗುಡಿಸುತ್ತ ಮಾತಾಡಿದಳು. ಮೋಡ ಸರಿದದ್ದು ಹೇಳಿದಳು, ಗೋಡೆಯ ಮೇಲಿನ ಬೆಕ್ಕಿನ ಬಣ್ಣ ಹೇಳಿದಳು, ಹಾಡಿದಳು. ಸಂಜೆಯ ಹೊತ್ತಿಗೆ ಗಂಟಲು ಒಣಗಿ ಹರಿಯುತ್ತಿತ್ತು. ನಿಲ್ಲಿಸಲು ಅವಳಿಗೆ ಭಯವಾಗುತ್ತಿತ್ತು. ನಿಲ್ಲಿಸಿದರೆ ಮನೆ ಸುಮ್ಮನಾಗುತ್ತದೆ. ಆ ಮೌನದಲ್ಲಿ ಅವಳನ್ನು 'ಸಂಪೀ' ಎಂದು ಕರೆಯುವವರು ಇನ್ನು ಯಾರೂ ಇರಲಿಲ್ಲ.